ಕಿವಿ ಅಲುಗದ ಕುದುರೆ

ನಾನು ಬಿ.ಎ. ಆಗುವುದು ಸಾಧ್ಯವೇ ಇಲ್ಲ ಎಂದು ಊರೆಲ್ಲ ಸಾರಿದವನು ನನ್ನ ಕಾಕಾ. ಯಲವಿಗಿ ಸ್ಟೇಷನ್ನಿನ ಟಾಂಗಾ ಸ್ಟ್ಯಾಂಡಿನಲ್ಲಿ ಬೀಡಿ ಹಚ್ಚಿಕೊಂಡು, ಹತ್ತು ಮಂದಿ ಕೇಳುವ ಹಾಗೆ ಹೇಳಿದ್ದ: "ಇವ ಬಿ.ಎ. ಆಗೂದು ಹೌದೇನು? ಇವನಕಿಂತ ಮೊದಲ ನನ್ನ ಕುದುರಿ ಪಾಸ್ ಆಗ್ತೈತಿ, ಬೇಕಾದ್ರ ಬರದಿಟ್ಟಕೋರಿ."

ಹಾಗೆಂದವನೇ ನನ್ನನ್ನು ಓದಿಸಿದ. ಅಪ್ಪ ನಾನು ಕೂಸಾಗಿದ್ದಾಗಲೇ ತೀರಿಕೊಂಡಿದ್ದ. ಯಲವಿಗಿಯಲ್ಲಿ ರೈಲು ಇಳಿದವರನ್ನು ಸವಣೂರಿಗೆ ಕರೆತರುವ ಕಾಕಾನ ಟಾಂಗಾದಿಂದಲೇ ನಮ್ಮ ಮನೆ ನಡೆಯುತ್ತಿತ್ತು. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದೆ, ಮ್ಯಾಟ್ರಿಕ್ ಪಾಸಾದೆ. ಧಾರವಾಡದಲ್ಲಿ ದಿನಕ್ಕೊಂದು ಮನೆಯಲ್ಲಿ ಊಟ ಮಾಡಿಕೊಂಡು ಕಾಲೇಜು ಓದಿದೆ. ಒಂದು ಸಲ ಇಂಟರ್‌ನಲ್ಲಿ ನಪಾಸಾದೆ. ಮತ್ತೆ ಕೂತೆ. ಎರಡನೆಯ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮೊದಲು ಬಿ.ಎ. ಆದೆ. ನಮ್ಮ ಮನೆತನದಲ್ಲಿ ನನಗಿಂತ ಮೊದಲು ಸಹಿ ಮಾಡಲು ಬರುವವರೇ ಇರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆ ಮಳೆಗಾಲ ಕೆಲಸ ಹುಡುಕಲು ಪುಣೆಗೆ ಹೋಗಿ ಕಾಲೇಜಿನ ಗೆಳೆಯನೊಬ್ಬನ ಖೋಲಿಯಲ್ಲಿ ಉಳಿದೆ. ಕೆಲಸ ಸಿಗಲಿಲ್ಲ. ಒಂದು ಶನಿವಾರ ಅವನು ನನ್ನನ್ನು ರೇಸಿಗೆ ಕರೆದೊಯ್ದ. ಓಟಕ್ಕೆ ಮುಂಚೆ ಕುದುರೆಗಳನ್ನು ಜನರ ಮುಂದೆ ಸುತ್ತಾಡಿಸುತ್ತಾರೆ. ಎಲ್ಲರೂ ಕಾಲು ನೋಡುತ್ತಿದ್ದರು, ಎದೆ ನೋಡುತ್ತಿದ್ದರು. ನಾನು ಕಿವಿ ನೋಡಿದೆ.

ಅದು ಕಾಕಾ ಕಲಿಸಿದ ವಿದ್ಯೆ. ಟಾಂಗಾಕ್ಕೆ ಹೊಸ ಕುದುರೆ ಕೊಳ್ಳುವ ಮುಂಚೆ ನಮ್ಮವರು ಅದನ್ನು ಸ್ಟೇಷನ್ನಿಗೆ ತಂದು, ಗಾಡಿ ಬರುವ ಹೊತ್ತಿಗೆ ಹಳಿಯ ಹತ್ತಿರ ನಿಲ್ಲಿಸುತ್ತಿದ್ದರು. ಎಂಜಿನ್ನು ಸಿಳ್ಳೆ ಹಾಕಿ ಉಗಿ ಬಿಟ್ಟಾಗ ಯಾವ ಕುದುರೆಯ ಕಿವಿ ಅಲುಗುವುದಿಲ್ಲವೋ ಅದು ನಮ್ಮ ಕುದುರೆ. ಪುಣೆಯಲ್ಲಿ ಬ್ಯಾಂಡಿನವರು ಬಾರಿಸತೊಡಗಿದಾಗ ಒಂದು ಕಂದು ಕುದುರೆ ಮಾತ್ರ ಕಿವಿ ಅಲುಗಿಸದೆ ನಡೆದಿತ್ತು. ಅದರ ಮೇಲೆ ಹಣ ಹಚ್ಚಿದೆವು, ಗೆದ್ದೆವು. ಮುಂದಿನ ಶನಿವಾರವೂ ಗೆದ್ದೆವು.

ಅಷ್ಟರಲ್ಲಿ ಹಾನಗಲ್ಲಿನ ಹೈಸ್ಕೂಲಿನಿಂದ ಕರೆ ಬಂತು. ಮಾಸ್ತರನಾಗಿ ಸೇರಿದೆ. ನವರಾತ್ರಿ ರಜೆಯಲ್ಲಿ ಮತ್ತೆ ಪುಣೆಗೆ ಹೋದೆ, ಮತ್ತೆ ಗೆದ್ದೆ. ಗೆಳೆಯ ನನ್ನ ಹೆಗಲ ಮೇಲೆ ಕೈ ಹಾಕಿ ಹೇಳಿದ: "ಮಾಸ್ತರಕಿ ಬಿಟ್ಟು ಬಾರೋ ಮಾರಾಯ. ದೀಪಾವಳಿ ಮುಗದ್ರ ಮುಂಬಯಿದಾಗ ರೇಸು ಸುರು. ನಾ ಖೋಲಿ ನೋಡಿ ಇಡ್ತೇನಿ. ನೀ ಕಿವಿ ನೋಡು ಸಾಕು. ಹುಡುಗರ ಕಿವಿ ಹಿಂಡೂದಕಿಂತ ಚಲೋ ಅಲ್ಲೇನು?"

ಹಾನಗಲ್ಲಿಗೆ ಮರಳಿದರೆ ಹೆಡ್ ಮಾಸ್ತರರು ಬೇರೆ ಮಾತು ಹೇಳಿದರು. "ದೀಪಾವಳಿ ಸೂಟಿ ಮುಗಿಸಿ ಬರೂಮುಂದ ಡಿಗ್ರಿ ಸರ್ಟಿಫಿಕೇಟ್ ತರ್ರಿ. ಆವತ್ತ ನಿಮ್ಮನ್ನ ಕಾಯಂ ಮಾಡ್ತೇವಿ. ತರಲಿಲ್ಲಂದ್ರ ಇನ್ನೊಬ್ಬರು ಕಾಯಾಕತ್ತಾರ ನೋಡ್ರಿ."

ಸರ್ಟಿಫಿಕೇಟು ಅಂಚೆಯಲ್ಲಿ ಬಂದು ಸವಣೂರಿನ ಮನೆಯ ಟ್ರಂಕಿನಲ್ಲಿತ್ತು. ಅದನ್ನು ಕೊಟ್ಟರೆ ಹಾನಗಲ್ಲು, ಕೊಡದಿದ್ದರೆ ಮುಂಬಯಿ. ರಜೆಗೆ ಮನೆಗೆ ಬಂದು, ಬೈಗುಳಕ್ಕೆ ತಯಾರಾಗಿಯೇ ಕಾಕಾನಿಗೆ ಎಲ್ಲ ಹೇಳಿದೆ. ಅವನು ಬೈಯಲಿಲ್ಲ, ತೊಡೆ ತಟ್ಟಿಕೊಂಡು ನಕ್ಕ.

"ಭಲೇ! ಕಿವಿ ನೋಡಿ ಗೆದ್ದೀ? ಮುಂಬಯಿ ಸಾವುಕಾರರಿಗೆ ನಮ್ಮ ಯಲವಿಗಿ ವಿದ್ಯಾ ಗೊತ್ತಿಲ್ಲ ನೋಡು! ನಾನೂ ಬರ್ತೇನಿ. ಟಾಂಗಾ ಮಾರೂಣು."

"ಅದನ್ನ ಮಾರಿದ್ರ ನಾ ಯಾವುದರಾಗ ಕುಂತು ನಿಮ್ಮನ್ನ ಹುಡಕಾಕ ಬರ್ಲಿ?" ಎಂದು ಅವ್ವ ಒಲೆಯ ಮುಂದಿನಿಂದಲೇ ಕೇಳಿದಳು. ಮುದಿ ಕುದುರೆಯ ಟಾಂಗಾಕ್ಕೆ ಬೆಲೆ ಬರುವುದಿಲ್ಲ, ಮೊದಲು ಹೊಸ ಕುದುರೆ ಕಟ್ಟೋಣ, ಆಮೇಲೆ ಮಾರೋಣ ಎಂದು ಕಾಕಾ ತೀರ್ಮಾನಿಸಿದ.

ಹಿರೇಕೆರೂರಿನ ಕಡೆ, ಚಿಕ್ಕೇರೂರಿನಲ್ಲಿ ಒಬ್ಬ ಗೌಡರ ಮನೆಯಲ್ಲಿ ಎರಡು ಕುದುರೆ ಮಾರಾಟಕ್ಕಿವೆ ಎಂದು ಸುದ್ದಿಯಿತ್ತು. ಇಬ್ಬರೂ ಹೋದೆವು. ಗೌಡರು ಕಣದಲ್ಲಿ ಒಂದು ಕೆಂಪು ಗಂಡು, ಒಂದು ಬಿಳಿ ಹೆಣ್ಣು ಕುದುರೆಯನ್ನು ನಿಲ್ಲಿಸಿದ್ದರು. ಕಾಕಾನಿಗೆ ತೊಡಕಾದದ್ದು ಬೇರೆಯೇ: ಚಿಕ್ಕೇರೂರಿನಲ್ಲಿ ರೈಲು ಇರಲಿಲ್ಲ. ಅವನು ಅತ್ತಿತ್ತ ನೋಡಿ ಒಂದು ಖಾಲಿ ಎಣ್ಣೆ ಡಬ್ಬಿಯನ್ನು ನನ್ನ ಕೈಗಿತ್ತ.

"ನೀನ ಗಾಡಿ ಆಗು."

"ಕಾಕಾ, ನಾ ಹೈಸ್ಕೂಲ್ ಮಾಸ್ತರ ಅದೇನಿ."

"ಇರ್ಲಿ ತಗೋ. ಓದಿದ ಗಾಡಿ ಆಗು. ಜೋರ್ ಸಿಳ್ಳಿ ಹೊಡಿ."

ಗೌಡರ ಮನೆಮಂದಿಯೆಲ್ಲ ಹೊರಗೆ ಬಂದು ನಿಂತರು. ನಾನು ಧೋತರದ ಕಚ್ಚೆ ಬಿಗಿದು, ಡಬ್ಬಿ ಬಡಿಯುತ್ತ, ಬಾಯಲ್ಲಿ ಎರಡು ಬೆರಳಿಟ್ಟು ಸಿಳ್ಳೆ ಹೊಡೆಯುತ್ತ ಕುದುರೆಗಳ ಪಕ್ಕದಲ್ಲೇ ಓಡಿದೆ. ಕೆಂಪು ಗಂಡು ಹುಲ್ಲು ಅಗಿಯುತ್ತ ನಿಂತಿತು, ಕಿವಿಯೂ ಅಲುಗಲಿಲ್ಲ. ಬಿಳಿ ಹೆಣ್ಣು ಹಗ್ಗ ಹರಿದುಕೊಂಡು ಬೇಲಿ ಜಿಗಿಯಿತು.

ಅದು ಓಡಿದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಕೊಯ್ದ ಜೋಳದ ಹೊಲದಲ್ಲಿ ಹೊಟ್ಟೆ ನೆಲಕ್ಕೆ ತಾಗುವಂತೆ ಚಾಚಿಕೊಂಡು, ಕೆರೆಯ ದಂಡೆ ಹತ್ತಿ, ನಾವು ಉಸಿರು ಬಿಡುವುದರೊಳಗೆ ಆಚೆ ಇಳಿದು ಕಾಣದಾಯಿತು. ಗೌಡರ ಆಳುಗಳು ಹಗ್ಗ ಹಿಡಿದು ಅದರ ಹಿಂದೆ ಓಡಿದರು. ಪುಣೆಯಲ್ಲಿ ಕೂಡ ಅಂಥ ಓಟ ನಾನು ಕಂಡಿರಲಿಲ್ಲ.

ಕಾಕಾ ಆ ಕಡೆ ನೋಡಲೂ ಇಲ್ಲ. ಕೆಂಪು ಕುದುರೆಯ ಬೆನ್ನು ತಟ್ಟಿ, "ಇದ ನಮ್ಮದು" ಎಂದ.

"ಓಡ್ತೈತೋ ಇಲ್ಲೋ ನೋಡಂಗಿಲ್ಲೇನು?" ಎಂದು ಕೇಳಿದೆ.

"ಓಡಿ ಎಲ್ಲಿ ಹೋಗೂದೈತೋ? ಸವಣೂರು ಎಲ್ಲಿಗರ ಓಡಿ ಹೊಕ್ಕೈತೇನು?"

ಗೌಡರು ನಕ್ಕರು. ನನಗೆ ನಗು ಬರಲಿಲ್ಲ. ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದೆ. ನಮ್ಮ ಮನೆಯ ವಿದ್ಯೆ ನಿಲ್ಲುವ ಕುದುರೆಯನ್ನು ಗುರುತಿಸುವ ವಿದ್ಯೆ. ಓಡುವ ಕುದುರೆಯನ್ನು ಅದು ಮೊದಲೇ ಬದಿಗೆ ಸರಿಸುತ್ತದೆ. ಆ ಬಿಳಿ ಹೆಣ್ಣು ಪುಣೆಯಲ್ಲಿದ್ದಿದ್ದರೆ ನಾನು ಅದರ ಮೇಲೆ ಒಂದು ಆಣೆಯನ್ನೂ ಹಚ್ಚುತ್ತಿರಲಿಲ್ಲ. ನಾನು ಗೆದ್ದದ್ದು ನಿಜ. ಯಾಕೆ ಗೆದ್ದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದೆ ಬರೆದ ಉತ್ತರಕ್ಕೆ ಅಂಕ ಬಿದ್ದರೆ ಮುಂದಿನ ಪರೀಕ್ಷೆಯಲ್ಲಿ ಏನಾಗುತ್ತದೆ ಎಂಬುದನ್ನು ಇಂಟರ್‌ನಲ್ಲೇ ಕಂಡಿದ್ದೆ.

ಕೆಂಪು ಕುದುರೆ ಹಿಡಿದುಕೊಂಡು ಮರಳುವಾಗ ಅರ್ಧ ದಾರಿಯವರೆಗೂ ಕಾಕಾ ಮುಂಬಯಿಯ ಮಾತೇ ಆಡಿದ. ದಾರಿಯ ಕೆರೆಯೊಂದರಲ್ಲಿ ಕುದುರೆಗೆ ನೀರು ಕುಡಿಸುವಾಗ ನಾನು ಹೇಳಿದೆ: "ಕಾಕಾ, ನಾ ಮುಂಬಯಿಗೆ ಹೋಗೂದಿಲ್ಲ. ಸರ್ಟಿಫಿಕೇಟ್ ಸಾಲಿಗೆ ಕೊಡ್ತೇನಿ."

ಅವನು ಕುದುರೆಯ ಕೊರಳು ತಿಕ್ಕಿದ. "ನಾ ಮುಂಬಯಿಗೆ ಕೋಟು ಹೊಲಿಸಬೇಕು ಅಂತ ಮಾಡಿದ್ನಲ್ಲೋ" ಎಂದಷ್ಟೇ ಹೇಳಿದ.

ಸೂಟಿ ಮುಗಿದ ಮೇಲೆ ಹೊಸ ಕುದುರೆ ಕಟ್ಟಿದ ಟಾಂಗಾದಲ್ಲಿ ಅವನೇ ನನ್ನನ್ನು ಹಾನಗಲ್ಲಿಗೆ ಕರೆದೊಯ್ದ. ಶಿಗ್ಗಾಂವಿಯ ಸಂತೆಯ ಗದ್ದಲದ ನಡುವೆ ಹಾದರೂ ಆ ಕೆಂಪು ಕುದುರೆ ಕಿವಿ ಅಲುಗಿಸಲಿಲ್ಲ. ದಾರಿಯುದ್ದಕ್ಕೂ ನಡೆಯಿತೇ ಹೊರತು ಒಮ್ಮೆಯೂ ಓಡಲಿಲ್ಲ. ಹೈಸ್ಕೂಲು ಮುಟ್ಟಿದ ಮೇಲೆ, ನಾನು ಬೇಡವೆಂದರೂ ಕಾಕಾ ಚಪ್ಪಲಿ ಬಾಗಿಲಲ್ಲಿ ಬಿಟ್ಟು, ನನ್ನ ಹಿಂದೆಯೇ ಹೆಡ್ ಮಾಸ್ತರರ ಕೋಣೆಗೆ ಬಂದ. ನಾನು ಬಟ್ಟೆಯ ಗಂಟು ಬಿಚ್ಚಿ ಸರ್ಟಿಫಿಕೇಟನ್ನು ಎರಡೂ ಕೈಯಿಂದ ಕೊಟ್ಟೆ. ಹೆಡ್ ಮಾಸ್ತರರು ಕನ್ನಡಕ ಏರಿಸಿ ಪೂರ್ತಿ ಓದಿ, ಕಪಾಟಿನ ಬೀಗದ ಕೈ ತೆಗೆದರು.

ಕಾಕಾ ಒಂದು ಹೆಜ್ಜೆ ಮುಂದೆ ಬಂದು ಕೈ ಮುಗಿದ.

"ಸಾಹೇಬ್ರ, ಅದನ್ನ ಒಂದ ದಿನದ ಮಟ್ಟಿಗೆ ತಿರುಗಿ ಕೊಡ್ರಿ. ಯಲವಿಗಿ ಸ್ಟೇಷನ್ನಿಗೆ ಒಯ್ದು ತೋರಸೂದೈತಿ. ಇವ ಬಿ.ಎ. ಆಗೂದಿಲ್ಲ ಅಂದವರು ಅಲ್ಲೆ ಭಾಳ ಮಂದಿ ಅದಾರ್ರಿ."