ಒಬ್ಬನೇ ಹೊಲಿದ ಕೋಟು

ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಎಲ್ಲರೂ ಮಾಸ್ಟರ್ ಎಂದೇ ಕರೆಯುವ ಟೈಲರ್ ಕೆಟ್ಟವನೇನಲ್ಲ. 'ನಾನು' ಎಂಬುದೊಂದು ಅವನ ನಾಲಿಗೆಗೆ ಅಂಟಿಕೊಂಡಿತ್ತು, ಅಷ್ಟೆ. ನಾನು ಅಳತೆ ತೆಗೆದರೆ ಕೂದಲೆಳೆಯಷ್ಟೂ ತಪ್ಪುವುದಿಲ್ಲ, ನಾನು ಕತ್ತರಿ ಹಿಡಿದರೆ ಬಟ್ಟೆಯೇ ಮಾತು ಕೇಳುತ್ತದೆ. ಗಿರಾಕಿಗಳು ಬಟ್ಟೆಯ ಜೊತೆ ಇದನ್ನೂ ಕೇಳಿಸಿಕೊಂಡೇ ಹೋಗಬೇಕು.

ಅಂಗಡಿಯ ಹಿಂದಿನ ಕೋಣೆಯಲ್ಲಿ, ಕಿಟಕಿಯ ಪಕ್ಕ, ಅವನ ಅತ್ತಿಗೆ ಕಾಜ ಹಾಕುತ್ತಿದ್ದರು. ಅಣ್ಣ ತೀರಿಕೊಂಡ ಮೇಲೆ ಸುಮ್ಮನೆ ಕೂರಲಾರದೆ ಹಿಡಿದ ಸೂಜಿ ಅದು. ಗುಂಡಿ ತೂರುವ ಸಣ್ಣ ಸೀಳಿನ ಸುತ್ತ ದಾರ ಸುತ್ತಿ ಸುತ್ತಿ ಅಂಚು ಕಟ್ಟುವ, ಕಣ್ಣು ಬೇಡುವ ಕೆಲಸ. ಮಾಸ್ಟರನ ಕೋಟುಗಳು ನಾಲ್ಕು ಜನರ ಬಾಯಲ್ಲಿ ಬಂದದ್ದೇ ಈ ಕೈಕಾಜದಿಂದ. ಕಾಲರಿನೊಳಗಿನ ಲೇಬಲ್ಲಿನಲ್ಲಿ ಮಾತ್ರ ಅವನೊಬ್ಬನ ಹೆಸರಿತ್ತು.

ಅವನನ್ನು ಭಾನುವಾರದ ಧ್ಯಾನಕೂಟಕ್ಕೆ ಕರೆದುಕೊಂಡು ಹೋದದ್ದೂ ಅತ್ತಿಗೆಯೇ. ಮಹಡಿಯ ಮೇಲಿನ ಹಜಾರದಲ್ಲಿ ವಯಸ್ಸಾದ ಬೌದ್ಧ ಭಿಕ್ಷು ಒಬ್ಬರು ಪ್ರತೀತ್ಯಸಮುತ್ಪಾದದ ಬಗ್ಗೆ ಮಾತಾಡಿದರು. ಬಾಯಿ ತುಂಬುವ ಆ ಪದವನ್ನು ಅವರೇ ಬಿಡಿಸಿಟ್ಟರು.

"ಯಾವುದೂ ತಾನೊಂದೇ ಇರಲ್ಲ, ಒಂದನ್ನೊಂದು ಆತ್ಕೊಂಡೇ ಎಲ್ಲ ಇರೋದು. ಈಗ ಫೋನು ಒತ್ತಿದ್ರೆ ಊಟ ಬಾಗಿಲಿಗೆ ಬರುತ್ತೆ. ತಂದವರ ಮುಖ ನೋಡಲ್ಲ, ಬೇಯಿಸಿದವರು ಒಬ್ರು ಇದಾರೆ ಅನ್ನೋದೇ ಮರ್ತುಹೋಗುತ್ತೆ. ನೀವು ಒಬ್ರೇ ಮಾಡಿದ್ದು ಏನಾದ್ರೂ ಇದ್ರೆ ಮುಂದಿನ ವಾರ ತನ್ನಿ, ನೋಡೋಣ."

ಮಾತಿನ ಒಳಗುಟ್ಟು ಉಳಿದವರಿಗೆಲ್ಲ ತಿಳಿಯಿತು. ಮುಂದಿನ ವಾರ ಬರಿಗೈಯಲ್ಲಿ ಬಂದರು. ನಮ್ಮ ಮಾಸ್ಟರ್ ಮಾತ್ರ ಹೊಸ ಕೋಟು ತೊಟ್ಟು ಬಂದ.

"ಆರಿಸಿದ್ದು, ಕತ್ತರಿಸಿದ್ದು, ಹೊಲಿದದ್ದು ಎಲ್ಲ ನಾನೇ. ಇನ್ನೊಬ್ಬರ ಕೈ ಸೋಕಿಲ್ಲ," ಎಂದ.

ಭಿಕ್ಷು ವಾದಕ್ಕಿಳಿಯಲಿಲ್ಲ. ಕೋಟು ಬಿಚ್ಚಿಸಿ, ಎಲ್ಲರೂ ನೋಡಲಿ ಎಂದು ಕೊಟ್ಟರು. ಅದು ಕೈಯಿಂದ ಕೈಗೆ ದಾಟುತ್ತ ಕೊನೆಯ ಸಾಲಿನಲ್ಲಿದ್ದ ಅತ್ತಿಗೆಯ ಮಡಿಲಿಗೆ ಬಂತು. ಅದರ ಕಾಜ ಹಾಕಿದ್ದು ಅವರೇ ಎಂಬುದು ಅವನಿಗೆ ಆಗಷ್ಟೇ ಹೊಳೆಯಿತು. ಬೇಕೆಂದು ಸುಳ್ಳು ಹೇಳಿದ್ದರೆ ಅದೊಂದು ಮಾತು. ಅತ್ತಿಗೆ ಅವನ ನೆನಪಿಗೇ ಬಂದಿರಲಿಲ್ಲ. ಅದಕ್ಕೇ ಅವನಿಗೆ ಹೆಚ್ಚು ನಾಚಿಕೆಯಾದದ್ದು.

ಎರಡನೆಯ ಕಾಜದಲ್ಲಿ ಎಳೆಯೊಂದು ಎದ್ದಿತ್ತು. ಅತ್ತಿಗೆ ಅದನ್ನು ಹಲ್ಲಿನಲ್ಲಿ ಕಡಿದು, ಬೆರಳಿನಿಂದ ಸವರಿದರು.

"ಕಾಜ ಎಷ್ಟು ಚೆನ್ನಾಗಿ ಹಾಕಿದಾರೆ ನಿಮ್ಮ ಮೈದುನ," ಎಂದಳು ಪಕ್ಕದವಳು.

"ಹೌದು," ಎಂದು ಅತ್ತಿಗೆ ಕೋಟನ್ನು ಮುಂದಕ್ಕೆ ಕೊಟ್ಟರು.

ಎದ್ದು ನಿಂತು ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಿರಾಕಿಗಳ ಮುಂದೆ ಅರಳು ಹುರಿದಂತೆ ಮಾತಾಡುವವನು ಏಳಲಿಲ್ಲ. ಅವನು ನೆಲ ನೋಡುತ್ತ ಕುಳಿತಿದ್ದಂತೆಯೇ ಕೂಟ ಮುಗಿದು, ಜನ ಚಪ್ಪಲಿ ಹುಡುಕಿ ಮೆಟ್ಟಿಲಿಳಿದರು. ಅವನೂ ಕೋಟನ್ನು ಮತ್ತೆ ತೊಟ್ಟು ಇಳಿದ. ದಾರಿಯುದ್ದಕ್ಕೂ ಅತ್ತಿಗೆ ತರಕಾರಿಯ ಮಾತಾಡಿದರು.

ಅಂಗಡಿಯ ಬಾಗಿಲಲ್ಲಿ ಅವನಿಗೆ ತಡೆಯಲಾಗಲಿಲ್ಲ.

"ಅತ್ತಿಗೆ, ತಪ್ಪಾಯ್ತು. ಕಾಜ ಎಲ್ಲಾ ನಿಮ್ದೇ."

"ಅದು ನಂಗೆ ಗೊತ್ತಿರೋದೇ ಅಲ್ವೇನಪ್ಪಾ," ಎಂದರು ಅವರು, ಬೀಗ ತೆಗೆಯುತ್ತ. "ಗೊತ್ತಿಲ್ದೋರೆಲ್ಲ ಎದ್ದು ಮನೆಗೆ ಹೋದ್ರು."

ಅವರು ಒಳಗೆ ಹೋಗಿ ಕಿಟಕಿ ತೆರೆದರು. ಮಾಸ್ಟರ್ ಕೋಟು ಬಿಚ್ಚಲೆಂದು ಗುಂಡಿಗೆ ಕೈಹಾಕಿದ. ಒಂದೊಂದು ಗುಂಡಿಯೂ ಅತ್ತಿಗೆ ಕಟ್ಟಿದ ಅಂಚನ್ನು ಸವರಿಕೊಂಡೇ ಹೊರಗೆ ಬರಬೇಕಿತ್ತು.