ಹೂಬಿಟ್ಟ ಪ್ಲಮ್ ಗಿಡಕ್ಕೆ ನೀರು ಹಾಕಿದವಳು

ಮಕ್ಕಳ ತೀವ್ರ ನಿಗಾ ಘಟಕದಲ್ಲಿ ತರಬೇತಿ ಪಡೆಯುವ ವೈದ್ಯರಿಗೆ ಸಂಶೋಧನೆಯ ಅವಕಾಶಗಳು ಹೇರಳವಾಗಿವೆ ಎಂದು ಮರಿತ್ಸಾ ನದಿಯ ದಂಡೆಯ ಆ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ ದೊಡ್ಡ ಫಲಕವೊಂದು ಸಾರುತ್ತಿತ್ತು. ಅದರ ಮೇಲೆ ಹೊಳೆಯುವ ಮೈಕ್ರೋಸ್ಕೋಪಿನ ಚಿತ್ರವಿತ್ತು. ಅಂಥ ಮೈಕ್ರೋಸ್ಕೋಪು ಆ ಮಹಡಿಯಲ್ಲಿರಲಿ, ಇಡೀ ಊರಿನಲ್ಲೇ ಇರಲಿಲ್ಲ.

ಡಾಕ್ಟರ್ ನೆವೆನಾ ಕಲ್ಪಾಕೋವಾ ಮೂರು ವರ್ಷದಿಂದ ಈ ಅವಕಾಶಗಳನ್ನು ಅನುಭವಿಸುತ್ತಿದ್ದಳು. ಮೊದಲ ವರ್ಷ ವಿಭಾಗದ ಮುಖ್ಯಸ್ಥ ಪ್ರೊಫೆಸರ್ ಗಾಂಚೆವರ ಭಾಷಣಕ್ಕೆ ಚಿತ್ರಗಳನ್ನು ಜೋಡಿಸಿಕೊಡುವ ಅವಕಾಶ ಸಿಕ್ಕಿತು. ಎರಡನೇ ವರ್ಷ ಹಲ್ಲಿನ ಡಾಕ್ಟರಾದ ಅವರ ಹೆಂಡತಿಯ ಪ್ರಬಂಧವನ್ನು ಬರೆದುಕೊಡುವ ಅವಕಾಶ. ಮೂರನೇ ವರ್ಷ ವರ್ನಾದ ಸಮ್ಮೇಳನಕ್ಕೆಂದು ಅವರ ಕೋಟನ್ನು ಇಸ್ತ್ರಿ ಮಾಡಿಸಿ ತಂದಳು. ಆದರೆ ತನ್ನ ಹೆಸರಿರುವ ಒಂದು ಪ್ರಬಂಧವಾದರೂ ಅಚ್ಚಾಗದೆ ಅವಳು ಕೊನೆಯ ಪರೀಕ್ಷೆಗೆ ಕೂರುವಂತಿರಲಿಲ್ಲ. ವಯಸ್ಸು ಆಗಲೇ ಮೂವತ್ತಾರು. ಬೆಟ್ಟದೂರಿನಲ್ಲಿ ಕುರಿ ಸಾಕುವ ಅವಳಮ್ಮ ಪ್ರತಿ ಭಾನುವಾರ ಫೋನಿನಲ್ಲಿ ಕೇಳುತ್ತಿದ್ದಳು: "ಇನ್ನೂ ಕಲೀತಾನೇ ಇದೀಯೇನೇ? ಅಷ್ಟು ದಡ್ಡಿ ಏನಲ್ವಲ್ಲ ನೀನು!"

ದಡ್ಡಿಯಲ್ಲ. ಚಿಕ್ಕಂದಿನಲ್ಲಿ ಅಮ್ಮನ ಕುರಿಗಳನ್ನು ಸಂಜೆ ಎಣಿಸಿ, ಕುಂಟುವುದು ಯಾವುದು, ಕೆಮ್ಮುವುದು ಯಾವುದು ಎಂದು ಬರೆದಿಡುತ್ತಿದ್ದವಳು. ಆ ಚಾಳಿ ಆಸ್ಪತ್ರೆಗೂ ಬಂದಿತ್ತು. ಯಾವ ಮಗುವಿನ ಕುತ್ತಿಗೆಯ ರಕ್ತನಾಳಕ್ಕೆ ಯಾವತ್ತು ಕೊಳವೆ ಹಾಕಿದರು, ಎಷ್ಟನೇ ದಿನ ಜ್ವರ ಬಂತು ಎಂಬುದನ್ನೆಲ್ಲ ಒಂದು ಗೆರೆ ಪುಸ್ತಕದಲ್ಲಿ ಬರೆಯುತ್ತಿದ್ದಳು. ಮೂರು ವರ್ಷದ ಲೆಕ್ಕ ನೋಡಿದರೆ ಒಂದು ವಿಚಿತ್ರ ಕಂಡಿತು. ಫೆಬ್ರವರಿಯಲ್ಲಿ ರಕ್ತಕ್ಕೆ ಸೋಂಕು ತಗಲಿದ ಮಕ್ಕಳು ಒಬ್ಬರೋ ಇಬ್ಬರೋ. ಮಾರ್ಚ್ ಬಂತೆಂದರೆ ಆರು, ಏಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಮತ್ತೆ ಮೊದಲಿನಂತೆ.

ಪುಸ್ತಕವನ್ನು ಪ್ರೊಫೆಸರಿಗೆ ತೋರಿಸಿದಳು.

"ಗಾಳಿ ಕಣಮ್ಮ, ಗಾಳಿ," ಎಂದರು ಗಾಂಚೆವ್, ಕಾಫಿ ಕಲಕುತ್ತ. "ವಸಂತದಲ್ಲಿ ದಕ್ಷಿಣದಿಂದ ಬೀಸುತ್ತಲ್ಲ, ಅದು. ನಮ್ಮಜ್ಜಿಗೇ ಗೊತ್ತಿತ್ತು."

ಅಜ್ಜಿಯ ಮುಂದೆ ಗೆರೆ ಪುಸ್ತಕದ ಆಟವೇನು ನಡೆದೀತು? ಪ್ರೊಫೆಸರು ಕಿಟಕಿಯತ್ತ ಕೈ ತೋರಿಸಿದರು. ಮೊಮ್ಮಗಳು ಅವರ ಮಣಿಕಟ್ಟಿಗೆ ಕಟ್ಟಿದ್ದ ಬೆರಳುದಪ್ಪದ ಮಾರ್ತೆನಿತ್ಸಾ, ಆ ಕೆಂಪು-ಬಿಳಿ ಉಣ್ಣೆ ದಾರ, ಕಾಫಿಯಲ್ಲಿ ಅದ್ದಿ ಎದ್ದು ತೊಟ್ಟಿಕ್ಕುತ್ತಿತ್ತು. ಮಾರ್ಚ್ ಒಂದಕ್ಕೆ ಅದನ್ನು ಕಟ್ಟಿಸಿಕೊಳ್ಳದ ಕೈ ಆ ದೇಶದಲ್ಲಿ ಇರಲಿಲ್ಲ. ನೆವೆನಾಳ ಕೈಯಲ್ಲೂ ಅಮ್ಮ ತನ್ನ ಕುರಿಯ ಉಣ್ಣೆಯಿಂದಲೇ ಹೊಸೆದು ಕಳಿಸಿದ್ದು ಇತ್ತು.

ಅದೇ ವಾರ ಕಲೀನಾ ಎಂಬ ನಾಲ್ಕು ವರ್ಷದ ಹುಡುಗಿ ನ್ಯುಮೋನಿಯಾ ಆಗಿ ಬಂದಳು. ಕೊಳವೆ ಹಾಕಿದ್ದು ನೆವೆನಾಳೇ. ಮಗು ಚೇತರಿಸಿಕೊಳ್ಳುತ್ತಿದೆ ಅನ್ನುವಾಗ ನಾಲ್ಕನೇ ದಿನ ಜ್ವರ ಕೆಂಡದಂತೆ ಏರಿತು. ನೆವೆನಾ ತೊಟ್ಟಿಯ ಮುಂದೆ ಕೈ ತೊಳೆದು, ತೊಳೆದು, ಯಾಕೋ ತನ್ನ ಮಣಿಕಟ್ಟಿನ ದಾರವನ್ನು ಹಿಂಡಿ ನೋಡಿದಳು. ಬೂದು ಬಣ್ಣದ ನೀರು ಇಳಿಯಿತು. ಕತ್ತರಿಯಿಂದ ಅದರ ತುದಿ ಕತ್ತರಿಸಿ ಪ್ರಯೋಗಾಲಯಕ್ಕೆ ಕಳಿಸಿದಳು. ಮೂರು ದಿನಕ್ಕೆ ಉತ್ತರ ಬಂತು: ದಾರದಲ್ಲಿದ್ದ ಕ್ರಿಮಿಯೂ ಕಲೀನಾಳ ರಕ್ತದಲ್ಲಿದ್ದ ಕ್ರಿಮಿಯೂ ಒಂದೇ.

ಅವಳು ಬಟ್ಟೆ ಬದಲಿಸುವ ಕೋಣೆಯ ಸ್ಟೂಲಿನ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಆರೋಗ್ಯವಾಗಿರಲಿ ಎಂದು ಅಮ್ಮ ಕಟ್ಟಲು ಕಳಿಸಿದ ದಾರ ಅದು. ಕಲೀನಾ ಬದುಕಿಕೊಂಡಳು, ಮೂರು ವಾರ ಹೆಚ್ಚಿಗೆ ಮಲಗಿ, ಮೂಳೆ ಚಕ್ಕಳವಾಗಿ ಮನೆಗೆ ಹೋದಳು. ಅಮ್ಮನಿಗೆ ನೆವೆನಾ ಈ ವಿಷಯ ಎಂದೂ ಹೇಳಲಿಲ್ಲ.

ಅಂದು ತನ್ನ ದಾರ ಬಿಚ್ಚಿದವಳು ಬೇರೆಯವರದ್ದನ್ನೂ ಬಿಚ್ಚಿಸಲು ಹೊರಟಳು. ಪ್ರೊಫೆಸರು ಬೆಚ್ಚಿಬಿದ್ದರು. "ಮಾರ್ತೆನಿತ್ಸಾ ಬಿಚ್ಚಿ ಅಂತ ಹೇಳೋದಾ? ಪೇಪರಿನೋರು ನಮ್ಮ ಚರ್ಮ ಸುಲೀತಾರೆ!" ಮುಖ್ಯ ನರ್ಸು ಪೆನ್ಕಾ ಮೂವತ್ತು ವರ್ಷದಿಂದ ಆ ಘಟಕವನ್ನು ತಲೆಯ ಮೇಲೆ ಹೊತ್ತವಳು. ಅವಳೂ ಒಪ್ಪಲಿಲ್ಲ.

"ಕೊಕ್ಕರೆ ಕಾಣಬೇಕು, ಇಲ್ಲಾ ಹೂಬಿಟ್ಟ ಮರ ಕಾಣಬೇಕು. ಆಗ ಬಿಚ್ಚಿ ಮರಕ್ಕೆ ಕಟ್ಟೋದು, ಅಲ್ಲೀವರೆಗೂ ಬಿಚ್ಚೋ ಹಾಗಿಲ್ಲ ಕಣೇ ಹುಡುಗಿ. ಮಾರ್ಚ್ ತಿಂಗಳನ್ನ ಆಳೋ ಮಾರ್ತಾ ಅಜ್ಜಿ ಮುನಿಸ್ಕೊಂಡು ನಾಳೆ ನನ್ನ ಮೊಮ್ಮಗೂಗೆ ಏನಾದ್ರೂ ಆದ್ರೆ ನಿನ್ನ ಪುಸ್ತಕ ಬರುತ್ತಾ ಕಾಯೋಕೆ?"

"ಏಪ್ರಿಲ್ ಆದ್ರೂ ಬಿಚ್ಚಲ್ವಲ್ಲ ನೀವು?"

"ಬೆಳಕು ಹರಿಯೋ ಮುಂಚೆ ಬರ್ತೀವಿ, ಕತ್ತಲಾದ್ಮೇಲೆ ಹೋಗ್ತೀವಿ. ಈ ಹಾಳು ಆಸ್ಪತ್ರೇಲಿ ಮರ ಎಲ್ಲಿ ಕಾಣ್ಬೇಕು?"

ಪೆನ್ಕಾ ಸಿಟ್ಟಿನಿಂದ ಆಡಿದ ಆ ಮಾತನ್ನು ನೆವೆನಾ ಗೆರೆ ಪುಸ್ತಕದಲ್ಲಿ ಬರೆದುಕೊಂಡಳು.

ಮರುವರ್ಷ ಮಾರ್ಚ್ ಒಂದರ ಬೆಳಿಗ್ಗೆ ಘಟಕದ ಬಾಗಿಲ ಹೊರಗೆ, ಕೈ ತೊಳೆಯುವ ತೊಟ್ಟಿಯ ಪಕ್ಕ, ಕುಂಡದಲ್ಲಿ ಪ್ಲಮ್ ಗಿಡವೊಂದು ನಿಂತಿತ್ತು. ನೆವೆನಾ ಗಾಜಿನ ಮನೆಯೊಂದರಲ್ಲಿ ಬೆಚ್ಚಗೆ ಬೆಳೆಸಿ ತಂದದ್ದು; ಮೈತುಂಬ ಬಿಳಿ ಹೂ. ಪೆನ್ಕಾ ಬಂದವಳು ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಇದು ಮೋಸ."

"ಹೂ ನಿಜವಾದ್ದೇ ಪೆನ್ಕಾ ಅಕ್ಕಾ. ಮುಟ್ಟಿ ನೋಡಿ."

ಪೆನ್ಕಾ ಮುಟ್ಟಿದಳು, ಮೂಸಿದಳು, ಒಂದು ಎಸಳು ಕಿತ್ತು ಬಾಯಿಗೂ ಹಾಕಿಕೊಂಡಳು. "ಕಂಡುಬಿಡ್ತಲ್ಲ, ಇನ್ನೇನು ಮಾಡೋಕಾಗುತ್ತೆ," ಎಂದು ಗೊಣಗುತ್ತ, ಆಗಷ್ಟೇ ಕಟ್ಟಿಕೊಂಡಿದ್ದ ದಾರವನ್ನು ಬಿಚ್ಚಿ, ಕಣ್ಣುಮುಚ್ಚಿ ಏನನ್ನೋ ಬೇಡಿಕೊಂಡು ಕೊಂಬೆಗೆ ಕಟ್ಟಿದಳು. ಸಂಜೆಯೊಳಗೆ ನರ್ಸುಗಳು, ಡಾಕ್ಟರುಗಳು, ತಾಯಂದಿರು, ಆಂಬುಲೆನ್ಸಿನವರು ಎಲ್ಲರ ದಾರವೂ ಗಿಡದ ಮೇಲಿತ್ತು. ಗಾಂಚೆವ್ ಒಬ್ಬರೇ ಕೊಕ್ಕರೆಗೆ ಕಾಯುತ್ತೇನೆಂದರು. ಅವರು ರೋಗಿಯನ್ನು ಮುಟ್ಟಿ ಹನ್ನೊಂದು ವರ್ಷವಾಗಿದ್ದರಿಂದ ಯಾರಿಗೂ ತೊಂದರೆಯಾಗಲಿಲ್ಲ.

ಆ ಮಾರ್ಚಿನಲ್ಲಿ ರಕ್ತಕ್ಕೆ ಸೋಂಕು ತಗಲಿದ ಮಕ್ಕಳು ಒಬ್ಬರೂ ಇಲ್ಲ.

ಈಗ ಪ್ರೊಫೆಸರಿಗೆ ಸಂಶೋಧನೆಯ ಹುರುಪು ಬಂತು. ಒಂದೇ ವಾರದಲ್ಲಿ ಪ್ರಬಂಧ ಸಿದ್ಧವಾಯಿತು: ಆಸ್ಪತ್ರೆಯ ಗಾಳಿಯನ್ನು ಶುದ್ಧಗೊಳಿಸಿ ಮಕ್ಕಳನ್ನು ಕಾಪಾಡುವ ಗಿಡಗಳು. ಒಟ್ಟು ಎಂಟು ಲೇಖಕರು. ಮೊದಲು ಪ್ರೊಫೆಸರು, ಆಮೇಲೆ ಹಲ್ಲಿನ ಡಾಕ್ಟರು, ಕೊನೆಯ ಎಂಟನೆಯವಳು ನೆವೆನಾ. ದಾರದ ಸುದ್ದಿ ಎಲ್ಲೂ ಇರಲಿಲ್ಲ. ಗಿಡದ ಹೆಸರಿರಬೇಕಾದಲ್ಲಿ ರಬ್ಬರ್ ಗಿಡ ಎಂದಿತ್ತು. ಪ್ರೊಫೆಸರ ಷಡ್ಡಕ ಕುಂಡದಲ್ಲಿಡುವ ಅಲಂಕಾರದ ರಬ್ಬರ್ ಗಿಡಗಳ ದೊಡ್ಡ ವ್ಯಾಪಾರಿ.

"ಸರ್, ರಬ್ಬರ್ ಗಿಡದಲ್ಲಿ ಹೂ ಎಲ್ಲಿದೆ?" ಎಂದಳು ನೆವೆನಾ. "ಹೂ ಇಲ್ದಿದ್ರೆ ಯಾರೂ ದಾರ ಬಿಚ್ಚಲ್ಲ. ಮಕ್ಕಳು ಸಾಯ್ತಾರೆ."

"ದಾರದ ಮಾತು ಅಚ್ಚಾಗಲ್ಲ. ಅದು ಮುಗಿದ ಕಥೆ."

"ಆಯ್ತು, ದಾರ ಬೇಡ. ಹೂಬಿಟ್ಟ ಪ್ಲಮ್ ಗಿಡ, ಮಾರ್ಚ್ ಒಂದರಂದು ಬಾಗಿಲ ಬಳಿ ಇಡಬೇಕು ಅಂತಾದ್ರೂ ಬರೀರಿ."

"ನನ್ನ ಷಡ್ಡಕ ಏನಂತಾನೆ? ಅವನಿಗೂ ಏನಾದ್ರೂ ಬೇಕಲ್ಲಮ್ಮ."

ನೆವೆನಾ ಆ ಎಂಟು ಹೆಸರುಗಳನ್ನು ನೋಡಿದಳು. ಇದು ಕೈತಪ್ಪಿದರೆ ಪರೀಕ್ಷೆ ಇನ್ನೊಂದು ವರ್ಷ ಮುಂದಕ್ಕೆ. ಭಾನುವಾರದ ಫೋನು ನೆನಪಾಯಿತು. ಕಲೀನಾಳ ಮೂಳೆ ಎದ್ದ ಕೈಯೂ ನೆನಪಾಯಿತು.

"ಎಂಟನೇ ಜಾಗ ಅವರಿಗೇ ಕೊಡಿ," ಎಂದಳು.

ಪ್ರೊಫೆಸರು ಉದಾರಿಗಳು. ಅಲ್ಲೇ ಅವಳ ಹೆಸರು ಹೊಡೆದು ಷಡ್ಡಕನ ಹೆಸರು ಬರೆದರು, ರಬ್ಬರ್ ಹೊಡೆದು ಮಾರ್ಚ್ ಒಂದಕ್ಕೆ ಹೂಬಿಟ್ಟ ಪ್ಲಮ್ ಎಂದು ಬರೆದರು. ಪ್ರಬಂಧ ಅಚ್ಚಾದಾಗ ಕಟ್ಟಕಡೆಯ ಸಾಲಿನಲ್ಲಿ, ಗಿಡಕ್ಕೆ ತಪ್ಪದೆ ನೀರು ಹಾಕಿದ ಡಾಕ್ಟರ್ ಕಲ್ಪಾಕೋವಾ ಅವರಿಗೆ ಕೃತಜ್ಞತೆ ಎಂದಿತ್ತು. ಪೆನ್ಕಾ ಅದನ್ನೋದಿ ಮೂರು ದಿನ ಪ್ರೊಫೆಸರಿಗೆ ಕಾಫಿ ಕೊಡಲಿಲ್ಲ. ಷಡ್ಡಕ ಮಾತ್ರ ಆ ಚಳಿಗಾಲವಿಡೀ ಬೆಚ್ಚಗಿನ ಗಾಜಿನ ಮನೆಯಲ್ಲಿ ಪ್ಲಮ್ ಬೆಳೆಸಿ ಒಂಬತ್ತು ಆಸ್ಪತ್ರೆಗಳಿಗೆ ಮಾರಿದ.

ಮಾರ್ಚ್ ಒಂದರ ಮಧ್ಯಾಹ್ನ ಸಮುದ್ರತೀರದ ಊರೊಂದರ ಆಸ್ಪತ್ರೆಯಿಂದ, ಗಿಡಕ್ಕೆ ನೀರು ಹಾಕಿದ ಡಾಕ್ಟರನ್ನು ಕೇಳಿಕೊಂಡು, ಫೋನು ಬಂತು. ಅಲ್ಲಿನ ಮುಖ್ಯ ನರ್ಸು ಗಾಬರಿಯಲ್ಲಿದ್ದಳು.

"ಮೇಡಂ, ಗಾಳಿ ಶುದ್ಧ ಮಾಡೋ ಗಿಡ ಬಂದಿದೆ. ಆದ್ರೆ ನಮ್ಮ ಹುಡುಗೀರು ಹೂ ಕಂಡಿದ್ದೇ ಎಲ್ಲಾ ಮಾರ್ತೆನಿತ್ಸಾ ಬಿಚ್ಚಿ ಅದಕ್ಕೇ ಕಟ್ಟಿಬಿಟ್ಟಿದಾರೆ. ಪ್ರೊಫೆಸರ್ ಪ್ರಯೋಗ ಕೆಟ್ಟೋಗುತ್ತೇನೋ ಅಂತ ಭಯ. ವಾಪಸ್ ಕೈಗೆ ಕಟ್ಕೊಳ್ಳಿ ಅಂತ ಹೇಳ್ಲಾ?"

ನೆವೆನಾ ಗೆರೆ ಪುಸ್ತಕ ತೆರೆದು ಆ ಊರಿನ ಹೆಸರು ಬರೆದುಕೊಂಡಳು.

"ಬೇಡಮ್ಮ," ಎಂದಳು. "ಅಲ್ಲೇ ಇರಲಿ. ನೀವು ಗಿಡಕ್ಕೆ ನೀರು ಹಾಕ್ತಾ ಇರಿ, ಸಾಕು."