ಎರಡೇ ಸೀಟಿನ ಹಸಿರು ಕಾರು

2023ರ ಡಿಸೆಂಬರ್ ತಿಂಗಳ ಮಾತು. ಬಿಟಿಎಂ ಲೇಔಟಿನ ಬೆಂಕಿಪೊಟ್ಟಣದಂಥ ಮನೆ ಬಿಟ್ಟು ನಾನೂ ನನ್ನ ಗಂಡನೂ ಕೋಣನಕುಂಟೆಗೆ ಬಾಡಿಗೆಗೆ ಬಂದು ಆಗಲೇ ವರ್ಷ ಕಳೆದಿತ್ತು. ನಾನು ಗದಗಿನ ಕಡೆಯವಳು. ಮಹಡಿಯಲ್ಲಿ ನಾವು, ಕೆಳಗೆ ಮನೆಯ ಮಾಲೀಕರಾದ ಚಂದ್ರಪ್ಪ ಅಂಕಲ್ ಮತ್ತು ರತ್ನಮ್ಮ ಆಂಟಿ. ಅವರು ಅದೇ ಊರಿನ ಹಳೇ ಒಕ್ಕಲು. ಅವರ ಮನೆಯವರು ರಾಗಿ, ಹುರುಳಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ.

ಒಬ್ಬಳೇ ಮಗಳನ್ನು ಮದುವೆ ಮಾಡಿ ತುಮಕೂರಿಗೆ ಕಳಿಸಿದ ಮೇಲೆ, ಅರವತ್ತು ದಾಟಿದ ವಯಸ್ಸಿನಲ್ಲಿ, ಅಂಕಲ್ ಒಂದು ಕಾರು ತಂದರು. ಮಾಮೂಲಿ ಕಾರಲ್ಲ. ನೋಡಲು ಹಳೇ ಕಾಲದ ರಾಜಕುಮಾರರು ಓಡಿಸುತ್ತಿದ್ದಂಥದ್ದು. ಉದ್ದನೆಯ ಮೂತಿ, ದುಂಡು ಹೆಡ್‌ಲೈಟು, ಮಡಚಿಡಬಹುದಾದ ಬಟ್ಟೆಯ ಟಾಪು, ಇರುವುದೇ ಎರಡು ಸೀಟು. ವೀಳ್ಯದೆಲೆಯಂಥ ಕಡು ಹಸಿರು ಬಣ್ಣ. ರೂಪ ಮಾತ್ರ ಹಳೆಯದು, ಒಳಗಿದ್ದದ್ದು ಹೊಸ ಕಾಲದ ಭಾರಿ ಎಂಜಿನ್. ಸ್ಟಾರ್ಟ್ ಮಾಡಿದರೆ ಮಹಡಿಯಲ್ಲಿ ನಮ್ಮ ಸ್ಟೀಲಿನ ಲೋಟಗಳು ಸಣ್ಣಗೆ ನಡುಗುತ್ತಿದ್ದವು.

ಭಾನುವಾರ ಬೆಳಿಗ್ಗೆ ಅಂಕಲ್ ಬಿಳೀ ಶರ್ಟು ತೊಟ್ಟು ಕಾರನ್ನು ಗೇಟಿನಾಚೆ ನಿಲ್ಲಿಸಿಕೊಂಡು ಹಾರನ್ ಹೊಡೆಯುತ್ತಿದ್ದರು. ಆಂಟಿಯನ್ನು ಕರೆಯುವ ರೀತಿ ಅದು. ಆಂಟಿ ಒಳಗಿನಿಂದಲೇ ಕೂಗುತ್ತಿದ್ದರು, "ನೀವೇ ಹೋಗ್ಬನ್ನಿ. ಈ ವಯಸ್ಸಲ್ಲಿ ತಲೆ ಮೇಲೆ ಸೂರಿಲ್ದಿರೋ ಗಾಡೀಲಿ ಕೂತ್ರೆ ಊರೇ ನಗತ್ತೆ!" ಅಂಕಲ್ ಇನ್ನೊಂದು ಸಲ ಹಾರನ್ ಹೊಡೆದು, ಸ್ವಲ್ಪ ಕಾದು, ಒಬ್ಬರೇ ಹೋಗುತ್ತಿದ್ದರು. ಬರುವಾಗ ಜಯನಗರದಿಂದ ಇಡ್ಲಿ ವಡೆ ಕಟ್ಟಿಸಿಕೊಂಡು ಬರುತ್ತಿದ್ದರು. ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದದ್ದು ಆ ಪೊಟ್ಟಣವೇ.

ಆ ವರ್ಷದ ಮಳೆಗಾಲದಲ್ಲಿ ಅಂಕಲ್‌ಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು, ಮಾತೂ ಉಳಿಯಿತು. ಎಡಗೈ, ಎಡಗಾಲು ಮಾತ್ರ ಹಿಡಿತಕ್ಕೆ ಬರಲಿಲ್ಲ. ಗೇರ್ ಹಾಕುವ ಕೈ ಅದು, ಕ್ಲಚ್ ಒತ್ತುವ ಕಾಲು ಅದು. ಇನ್ನು ಯಾವ ಗಾಡಿಯನ್ನೂ ಓಡಿಸುವ ಆಸೆ ಬೇಡ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿಬಿಟ್ಟರು. ಹಸಿರು ಕಾರಿನ ಮೇಲೆ ಹೊದಿಕೆ ಬಿತ್ತು.

ನನ್ನಪ್ಪ ಬಾಡಿಗೆ ಟೆಂಪೊ ಓಡಿಸುತ್ತಿದ್ದರು. ಕಾಲೇಜಿನ ದಿನಗಳಲ್ಲೇ ಅವರ ಪಕ್ಕ ಕೂತು ಕಲಿತವಳು ನಾನು. ನಮ್ಮ ಇಕ್ಕಟ್ಟಿನ ಗೇಟಿನಲ್ಲಿ ನಮ್ಮ ಚಿಕ್ಕ ಕಾರನ್ನು ನಾನು ದಿನಾ ಹಿಂದಕ್ಕೆ ತೆಗೆಯುವುದನ್ನು ಅಂಕಲ್ ವರಾಂಡದ ಕುರ್ಚಿಯಿಂದ ನೋಡುತ್ತಿದ್ದರು. ಡಿಸೆಂಬರಿನ ಒಂದು ಸಂಜೆ ನನ್ನನ್ನು ಕರೆದರು.

"ಸುಧಾ, ಗಾಡಿ ನಿಂತು ನಿಂತು ಹಾಳಾಗ್ತಾ ಐತೆ. ಭಾನುವಾರ ಒಂದ್ ರೌಂಡ್ ಓಡಿಸ್ತೀಯೇನಮ್ಮ? ನಿನ್ ಕೈ ಸರಿಯಾಗೈತೆ, ನೋಡಿದೀನಿ."

ಆಸೆ ಎದೆಯಲ್ಲಿ ಧಗ್ ಎಂದಿತು. ಹಿಂದೆಯೇ ಭಯವೂ ಬಂತು. "ಅಂಕಲ್, ಇಂಥಾ ಗಾಡಿ ನಾ ಮುಟ್ಟೇ ಇಲ್ರಿ. ಏನರ ಆತಂದ್ರ?"

"ಆದ್ರೆ ಆಗ್ಲಿ. ನಿಂತು ಕೆಡೋಕಿಂತ ಓಡಿ ಕೆಡ್ಲಿ ಬಿಡು."

ಭಾನುವಾರ ಬೆಳಿಗ್ಗೆ ಅಂಕಲ್ ಅದೇ ಬಿಳೀ ಶರ್ಟು ತೊಟ್ಟು ಸಿದ್ಧರಾಗಿದ್ದರು. ನನ್ನ ಪಕ್ಕದಲ್ಲಿ ಕೂತು ಬರುವುದೆಂದು ಅವರ ಲೆಕ್ಕ. ಕಾರೋ ನೆಲಕ್ಕೆ ಅಂಟಿಕೊಂಡಂತೆ ತಗ್ಗು. ನಾನೂ ನನ್ನ ಗಂಡನೂ ಎರಡೂ ಕಡೆ ಹಿಡಿದುಕೊಂಡರೂ ಅವರಿಗೆ ಬಗ್ಗಿ ಒಳಗೆ ಇಳಿಯಲಾಗಲಿಲ್ಲ. ಎಡಗಾಲು ಬಾಗಿಲಿಗೆ ತಾಗಿ ನಿಂತುಬಿಟ್ಟಿತು. ಹಣೆಯ ಮೇಲೆ ಬೆವರೊಡೆಯಿತು. "ಬ್ಯಾಡ, ಬಿಡಿ. ಇವತ್ತು ಬ್ಯಾಡ" ಎಂದು ಕೋಲು ಊರಿ ಹಿಂದೆ ಸರಿದರು. ನಾನು ಕೀಲಿ ವಾಪಸ್ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಬಾಗಿಲಲ್ಲಿ ನಿಂತಿದ್ದ ಆಂಟಿಯ ಕಡೆ ತಿರುಗಿದರು.

"ನೀನ್ ಹೋಗೇ ರತ್ನ."

"ಅಯ್ಯೋ, ನಾನ್ಯಾಕೆ? ಒಲೆ ಮೇಲೆ ಸಾರಿಟ್ಟಿದೀನಿ."

"ನಾನ್ ಓಡ್ಸೋವಾಗ ಒಂದ್ ದಿನಾನೂ ಬರ್ಲಿಲ್ಲ. ಈಗಾದ್ರೂ ಹೋಗು."

ಸಿಟ್ಟಿನಿಂದ ಹೇಳಿದ್ದಲ್ಲ. ಮೆಲ್ಲಗೆ, ಎಲ್ಲೋ ನೋಡುತ್ತ ಹೇಳಿದರು. ಆಂಟಿ ಒಳಗೆ ಹೋಗಿ ಒಲೆ ಆರಿಸಿ, ಶಾಲು ಹೊದ್ದು ಬಂದು ನನ್ನ ಪಕ್ಕ ಕೂತರು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಎರಡೂ ಕೈಯಲ್ಲಿ ಬಾಗಿಲ ಹಿಡಿ ಹಿಡಿದರು.

ಮೊದಮೊದಲು ನನಗೆ ಬೆವರು ಬಿಟ್ಟರೆ ಬೇರೇನೂ ನೆನಪಿಲ್ಲ. ಕ್ಲಚ್ ನನ್ನಪ್ಪನ ಟೆಂಪೊದ ಕ್ಲಚ್ಚಿಗಿಂತ ಗಡುಸು. ಕಾರಿನ ಮೂತಿ ಎಲ್ಲಿ ಮುಗಿಯುತ್ತದೆ ಎಂದು ಕೂತಲ್ಲಿಂದ ಕಾಣುವುದಿಲ್ಲ. ಪ್ರತಿ ಹಂಪಿನ ಮುಂದೆಯೂ ನಿಲ್ಲಿಸಿ, ಓರೆಯಾಗಿ, ಒಂದೊಂದೇ ಚಕ್ರ ಹತ್ತಿಸಬೇಕು. ಅಷ್ಟು ಮಾಡಿದರೂ ಒಮ್ಮೆ ಅಡಿಯಲ್ಲಿ ಕರ್ ಎಂದು ಉಜ್ಜಿದಾಗ ನನ್ನ ಬೆನ್ನುಮೂಳೆಯನ್ನೇ ಉಜ್ಜಿದ ಹಾಗಾಯಿತು. ಪಕ್ಕದಲ್ಲಿ ಹೋಗುವ ಬಸ್ಸಿನ ಚಕ್ರ ನಮ್ಮ ತಲೆಯ ಮಟ್ಟಕ್ಕಿತ್ತು. ಜೆಪಿ ನಗರ ದಾಟಿ ಜಯನಗರ ಫೋರ್ತ್ ಬ್ಲಾಕಿನ ಸಿಗ್ನಲ್ಲಿಗೆ ಬಂದಾಗ ಸುತ್ತಲಿದ್ದವರೆಲ್ಲ ನಮ್ಮನ್ನೇ ನೋಡತೊಡಗಿದರು. ಬೈಕಿನ ಹುಡುಗನೊಬ್ಬ "ಆಂಟಿ, ಸಖತ್ತಾಗಿದೆ ಗಾಡಿ!" ಎಂದು ಫೋಟೊ ತೆಗೆದ. ಈ ಕಡೆಯ ಆಟೋದವರು ಬಗ್ಗಿ ಕೇಳಿದರು, "ಮೇಡಂ, ಎಷ್ಟ್ ಕೊಡುತ್ತೆ ಇದು?"

ನಾನು ಬಾಯಿ ತೆರೆಯುವ ಮೊದಲೇ ಆಂಟಿ ಹೇಳಿದರು, "ಕೊಡೋದೇನಿಲ್ಲಪ್ಪ, ಬರೀ ಕುಡಿಯೋದೇಯ."

ಆಟೋದವರು ನಕ್ಕರು. ಆಂಟಿಯೂ ನಕ್ಕರು. ಆ ನಗುವಿನಲ್ಲಿ ಸೆರಗು ತಲೆಯಿಂದ ಜಾರಿತು. ಅವರು ಅದನ್ನು ಮತ್ತೆ ಎಳೆದುಕೊಳ್ಳಲಿಲ್ಲ.

ಅಲ್ಲಿಂದ ತಿರುಗಿ ಬನಶಂಕರಿಯ ಮೇಲೆ ಹಾದು ಕನಕಪುರ ರಸ್ತೆ ಹಿಡಿದೆ. ನಮ್ಮ ಮನೆಯ ತಿರುವು ಬಂದಾಗ ಆಂಟಿ, "ಇನ್ನೂ ಸ್ವಲ್ಪ ಮುಂದಕ್ಕೆ ಹೋಗಣ" ಎಂದರು. ಮೆಟ್ರೊ ಕಂಬಗಳು ಮುಗಿದು ರಸ್ತೆ ಬಿಚ್ಚಿಕೊಂಡಿತು. ಎದುರಿಗೆ ಖಾಲಿ ರಸ್ತೆ, ಮುಖಕ್ಕೆ ಡಿಸೆಂಬರಿನ ತಣ್ಣನೆ ಗಾಳಿ. ಮೂರನೇ ಗೇರಿನಲ್ಲಿ ಕಾಲು ಒತ್ತಿದೆ. ಕಾರು ಒಂದು ಕ್ಷಣ ಸುಮ್ಮನಿದ್ದು ಆಮೇಲೆ ಹಗ್ಗ ಬಿಚ್ಚಿದ ಹೋರಿಯ ಹಾಗೆ ನುಗ್ಗಿತು. ಬೆನ್ನು ಸೀಟಿಗೆ ಒತ್ತಿಕೊಂಡಿತು. ಹೊಟ್ಟೆಯೊಳಗೆ ಜೋಕಾಲಿ ಜೀಕಿದ ಹಾಗೆ ಝುಂ ಎಂದಿತು. ಎಂಜಿನ್ನಿನ ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳುತ್ತಿತ್ತು. ಆಂಟಿ ಕಿರುಚಿದರು. ಹೆದರಿದರೇನೋ ಎಂದು ನಾನು ಕಾಲು ಸಡಿಲಿಸಿದೆ.

"ಯಾಕೆ ನಿಧಾನ ಮಾಡ್ದೆ? ಹೋಗ್ಲಿ, ಹೋಗ್ಲಿ!"

ಮತ್ತೆ ಒತ್ತಿದೆ. ಆಗಲೇ ಎಡಗಡೆಯ ಸಣ್ಣ ರಸ್ತೆಯಿಂದ ಹಾಲಿನ ಕ್ಯಾನು ಕಟ್ಟಿದ ಮೊಪೆಡ್ ಒಂದು ಅಡ್ಡ ಬಂತು. ಬ್ರೇಕ್ ತುಳಿದೆ. ಕಾರಿನ ಹಿಂಭಾಗ ನನ್ನ ಮಾತು ಕೇಳದೆ ಪಕ್ಕಕ್ಕೆ ಜಾರಿತು. ಒಂದು ಗಳಿಗೆ ರಸ್ತೆ ನನ್ನ ಮುಂದಿರಲಿಲ್ಲ, ಡಿವೈಡರ್ ಇತ್ತು. ಕಾರು ಓರೆಯಾಗಿ ನಿಂತಾಗ ಡಿವೈಡರಿಗೂ ಹಸಿರು ಬಾಗಿಲಿಗೂ ಮಧ್ಯೆ ಒಂದು ಗೇಣು ಜಾಗ ಉಳಿದಿತ್ತು. ಹಾಲಿನವರಿಗೆ ಏನೂ ಆಗಿರಲಿಲ್ಲ. ಅವರು ಕಾಲೂರಿ ನಿಂತು, "ಏನಮ್ಮ, ದೊಡ್ಡ ಗಾಡಿ ಅಂತ ರೋಡೆಲ್ಲ ನಿಮ್ದೇನಾ? ಮನೇಲಿ ಮಕ್ಳು ಮರಿ ಅವ್ರೆ ನಮ್ಗೆ!" ಎಂದು ಬೈದರು. ನಾನು ಕೈ ಮುಗಿದೆ.

ನಿಧಾನವಾಗಿ ಮುಂದೆ ಹೋಗಿ ಒಂದು ಹೊಂಗೆ ಮರದ ಕೆಳಗೆ ನಿಲ್ಲಿಸಿದೆ. ಎಂಜಿನ್ ಆರಿಸಿದೆ. ಆಂಟಿ ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು ಗೇರಿನ ಮೇಲಿದ್ದ ನನ್ನ ಕೈ ಮೇಲೆ ತಮ್ಮ ಕೈಯಿಟ್ಟರು.

"ಪ್ರತಿ ಭಾನುವಾರ ಹಾರನ್ ಹೊಡಿಯೋರು ಸುಧಾ. ನಾನ್ ಒಳಗೆ ಸುಮ್ನೆ ಪಾತ್ರೆ ಸದ್ದು ಮಾಡ್ತಿದ್ದೆ. ಜನ ಏನಂದ್ಕೊತಾರೋ ಅಂತ. ಇವತ್ತು ಅಷ್ಟ್ ಜನ ನೋಡಿದ್ರಲ್ಲ, ಏನಂದ್ರು? ಗಾಡಿ ಚೆನ್ನಾಗೈತೆ ಅಂದ್ರು, ಅಷ್ಟೇ ಅಲ್ವಾ?"

ನಾನು ಹೂಂ ಎಂದೆ.

"ಇನ್ಮೇಲೆ ನಾನು ಬರ್ತೀನಿ ಅಂದ್ರೂ ಅವ್ರ ಜೊತೆ ಕೂರೋಕಾಗಲ್ಲ. ಓಡ್ಸೋರಿಗೆ ಒಂದ್ ಸೀಟ್ ಬೇಕಲ್ಲ." ಆಮೇಲೆ ಹಿಂದಕ್ಕೆ ತಿರುಗಿ ನೋಡಿ ಕೇಳಿದರು, "ಹಿಂದ್ಗಡೆ ಸಣ್ಣದೊಂದ್ ಸೀಟ್ ಹಾಕ್ಸಕ್ಕಾಗಲ್ವಾ?"

"ಆಗೂದಿಲ್ರಿ ಆಂಟಿ" ಎಂದೆ. ಎಂಜಿನ್ ಸ್ಟಾರ್ಟ್ ಮಾಡಿ ಮನೆಯ ಕಡೆ ತಿರುಗಿಸಿದೆ.

ನಾವು ಬರುವಷ್ಟರಲ್ಲಿ ಅಂಕಲ್ ಗೇಟಿನ ಹೊರಗೆ ಕೋಲು ಹಿಡಿದು ನಿಂತಿದ್ದರು. ಅಷ್ಟು ಹೊತ್ತೂ ಒಳಗೆ ಹೋಗಿರಲಿಲ್ಲವಂತೆ. ಮುಖ್ಯ ರಸ್ತೆಯಲ್ಲಿ ತಿರುಗುವಾಗಲೇ ಸದ್ದಿನಿಂದ ನಾವೇ ಎಂದು ತಿಳಿಯಿತಂತೆ. "ಹೆಂಗಿತ್ತೇ?" ಎಂದು ಹೆಂಡತಿಯನ್ನು ಕೇಳಿದರು.

"ಚೆನ್ನಾಗಿತ್ತು" ಎಂದಷ್ಟೇ ಹೇಳಿ ಆಂಟಿ ಸರಸರನೆ ಒಳಗೆ ಹೋದರು. ಕಣ್ಣೀರು ತೋರಿಸಲು ಅವರಿಗೆ ಇಷ್ಟವಿರಲಿಲ್ಲ.

ಆಮೇಲೆ ಅಂಕಲ್ ನನ್ನನ್ನು ಕೇಳಿದರು, "ಥರ್ಡಲ್ಲಿ ಎಳೀತಾ?"

ಹಾಲಿನ ಮೊಪೆಡ್ಡಿನ ಸುದ್ದಿ ಎತ್ತಲಿಲ್ಲ. ಉಳಿದದ್ದನ್ನೆಲ್ಲ ಒಂದೇ ಉಸಿರಿಗೆ ಹೇಳತೊಡಗಿದೆ. "ಎಳೀತ್ರಿ ಅಂಕಲ್! ಒಂದ್ ಸ್ವಲ್ಪ ಸುಮ್ಮನಿತ್ತು, ಆಮ್ಯಾಲೆ ಒಮ್ಮೆಲೆ ಕಿತ್ತಗೊಂಡು ಹೋತ್ರಿ. ಮೈಯಾಗ ಝುಂ ಅಂತು. ಇಂಥಾ ಗಾಡಿ ಜನ್ಮದಾಗ ಹೊಡದಿಲ್ರಿ ನಾ..." ಹೇಳುತ್ತ ಹೇಳುತ್ತ ನನ್ನ ಕಣ್ಣು ಅವರ ಕಾಲಿನ ಮೇಲೆ ಬಿತ್ತು. ನನ್ನ ಮಾತಿನ ಜೊತೆಗೇ ಅವರ ಬಲಗಾಲು ಚಪ್ಪಲಿಯಲ್ಲಿ ನೆಲವನ್ನು ಮೆಲ್ಲಗೆ ಒತ್ತುತ್ತಿತ್ತು. ಎಡಗಾಲು ಅಲ್ಲಾಡಲಿಲ್ಲ. ನನ್ನ ಮಾತು ಅರ್ಧಕ್ಕೇ ನಿಂತುಹೋಯಿತು.

"ಹೇಳು, ಹೇಳು. ಆಮೇಲೆ?" ಎಂದರು ಅಂಕಲ್.

ಆಮೇಲಿನದನ್ನು ಸಪ್ಪೆಯಾಗಿ ಹೇಳಿ ಮುಗಿಸಿದೆ. ಬೇಕೆಂದೇ ಸಪ್ಪೆ ಮಾಡಿದೆನೆಂದು ಅವರಿಗೂ ತಿಳಿದಿರಬೇಕು.

ಮುಂದಿನ ಭಾನುವಾರ ಹಟ ಹಿಡಿದು, ಸೀಟಿನ ಮೇಲೆ ದಪ್ಪ ದಿಂಬು ಹಾಕಿಸಿ, ಅಂಕಲ್ ಹೇಗೋ ನನ್ನ ಪಕ್ಕ ಕೂತರು. ನಾನು ಜೋರು ಮಾಡಲಿಲ್ಲ. ಅವರೂ ಮಾಡು ಎನ್ನಲಿಲ್ಲ. ಬನಶಂಕರಿವರೆಗೆ ಹೋಗಿ ವಾಪಸ್ ಬಂದೆವು. ಇಳಿದ ಮೇಲೆ ಬಾನೆಟ್ಟಿನ ಮೇಲೆ ಕೈಯಿಟ್ಟು, "ಪಕ್ಕದ್ ಸೀಟಿಂದ ನೋಡಿದ್ರೆ ಇದು ಬ್ಯಾರೆ ಗಾಡಿ ಕಣಮ್ಮ" ಎಂದರು. ಅದೇ ವಾರ ಯಾರಿಗೋ ಫೋನ್ ಮಾಡಿ ಕಾರು ಮಾರುವುದಾಗಿ ಹೇಳಿದರು.

ಕೊಳ್ಳುವವರು ಮೈಸೂರಿನ ಕಡೆಯವರು. ಶುಕ್ರವಾರ ಮಧ್ಯಾಹ್ನ ಬರುತ್ತೇವೆ ಎಂದಿದ್ದವರು ಬೆಳಿಗ್ಗೆಯೇ ಬಂದುಬಿಟ್ಟರು. ಆಂಟಿ ಬನಶಂಕರಿ ಅಮ್ಮನ ಗುಡಿಗೆ ನಿಂಬೆಹಣ್ಣಿನ ದೀಪ ಹಚ್ಚಲು ಹೋಗಿದ್ದರು. ಗೇಟಿನಿಂದ ಕಾರನ್ನು ಹೊರಗೆ ತೆಗೆದುಕೊಡು ಎಂದು ಅಂಕಲ್ ನನಗೇ ಹೇಳಿದರು. ನಾನೇ ಹಿಂದಕ್ಕೆ ತೆಗೆದು, ನಾನೇ ಮೈಸೂರಿನವರ ಕೈಗೆ ಕೀಲಿ ಕೊಟ್ಟೆ. ಹೊಸ ಯಜಮಾನರು ಮೊದಲ ಗೇರಿನಲ್ಲೇ ಒಮ್ಮೆ ಆಫ್ ಮಾಡಿಕೊಂಡರು. ಅಂಕಲ್ ತುಟಿ ಕಚ್ಚಿಕೊಂಡು ನಿಂತಿದ್ದರು. ಆಮೇಲೆ ಕಾರು ತಿರುವಿನಲ್ಲಿ ಮರೆಯಾಯಿತು. ಸದ್ದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಕೇಳಿಸುತ್ತಿತ್ತು.

ಆಂಟಿ ಕುಂಕುಮದ ಪೊಟ್ಟಣ ಹಿಡಿದು ಆಟೋ ಇಳಿದವರು ಖಾಲಿ ಜಾಗ ನೋಡಿ ಅಲ್ಲೇ ನಿಂತರು.

"ಹೋಯ್ತಾ?"

"ಬೇಗ್ನೆ ಬಂದ್ರು. ಕೊಟ್ಬಿಟ್ಟೆ" ಎಂದರು ಅಂಕಲ್.

ಆಂಟಿ ವರಾಂಡದ ಮೆಟ್ಟಿಲ ಮೇಲೆ ಕೂತರು. ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡು ಹೇಳಿದರು, "ಗಾಡಿ ನಿಂತಿದ್ರೂ ಪರ್ವಾಗಿಲ್ಲ, ನಿಮ್ಮನ್ನ ಸ್ಟೇರಿಂಗ್ ಹಿಂದೆ ಕೂರ್ಸಿ ಪಕ್ಕದಲ್ಲಿ ಒಂದ್ ಗಳಿಗೆ ಕೂತ್ಕೋಬೇಕು ಅಂತಿದ್ದೆ. ಹೇಳಕ್ಕೆ ನಾಚ್ಕೆ ಆಗ್ತಿತ್ತು. ಇವತ್ತು ಗುಡಿಯಿಂದ ಬಂದ್ ಹೇಳಣ ಅಂತಿದ್ದೆ."

ಅಂಕಲ್ ಅವರ ಕಡೆ ತಿರುಗಿದರು. "ನೆನ್ನೇನೇ ಹೇಳ್ಬಾರ್ದಿತ್ತಾ ರತ್ನ" ಎಂದರು. ನಾನು ಅಲ್ಲಿ ನಿಲ್ಲಲಾಗದೆ ಮಹಡಿ ಹತ್ತಿದೆ.

ಈಗಲೂ ನಾವು ಅದೇ ಮನೆಯಲ್ಲಿದ್ದೇವೆ. ಕೆಲವು ಭಾನುವಾರ ಅವರಿಬ್ಬರನ್ನೂ ನನ್ನ ಚಿಕ್ಕ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಜಯನಗರಕ್ಕೆ ಕರೆದುಕೊಂಡು ಹೋಗುತ್ತೇನೆ. ಆಂಟಿ ಕಿಟಕಿ ಇಳಿಸಿ ಕೂರುತ್ತಾರೆ. ಇಬ್ಬರೂ ಖುಷಿಯಾಗಿಯೇ ಇರುತ್ತಾರೆ. ನನಗೆ ಮಾತ್ರ ಖಾಲಿ ರಸ್ತೆ ಕಂಡಾಗ ಎದೆ ಭಾರವಾಗುತ್ತದೆ. ಆ ಹಸಿರು ಕಾರನ್ನು ಆಸೆಪಟ್ಟು ತಂದವರು ಅಂಕಲ್. ತಡವಾಗಿಯಾದರೂ ಅದಕ್ಕೆ ಮನಸ್ಸು ಕೊಟ್ಟವರು ಆಂಟಿ. ಅವರಿಬ್ಬರೂ ಒಟ್ಟಿಗೆ ಒಂದು ಸಲವೂ ಅದರಲ್ಲಿ ಕೂರಲಿಲ್ಲ. ಅದರ ಸುಖವನ್ನು ಹೊಟ್ಟೆ ತುಂಬ ಉಂಡವಳು, ಯಾವ ಸಂಬಂಧವೂ ಇಲ್ಲದ ಬಾಡಿಗೆ ಮನೆಯ ನಾನು.

— ಸುಧಾ, ಕೋಣನಕುಂಟೆ